ಲ-ಒತ್ತು ಬೀಳದ ಟೈಪ್‌ರೈಟರ್

"ಅದನ್ನ ಮುಟ್ಟಬೇಡಿ."

ಶಶಿರೇಖಾಳ ದನಿ ಕೇಳಿ, ಆಧಾರ್ ಕಾರ್ಡು ಹಿಡಿದು ಜೆರಾಕ್ಸಿಗೆ ನಿಂತಿದ್ದವರು ತಿರುಗಿ ನೋಡಿದರು. ಮೂಲೆಯ ಟೈಪ್‌ರೈಟರಿನ ಹೊದಿಕೆ ಎತ್ತಿದ್ದ ಮನುಷ್ಯ ಮಾತ್ರ ಕೈ ಹಿಂದೆ ತೆಗೆಯಲಿಲ್ಲ.

"ಕನ್ನಡದ್ದು..." ಎಂದ, ಹಳೇ ಗೆಳೆಯ ಸಿಕ್ಕವನ ಹಾಗೆ.

"ಮಾರಾಟಕ್ಕಿಲ್ಲ."

"ಕೊಳ್ಳೋಕೆ ಬಂದಿಲ್ಲ ಮೇಡಂ. ಒಂದು ಸಾಲು ಹೊಡ್ಕೊಂಡು ಹೋಗ್ತೀನಿ."

"ಕಂಪ್ಯೂಟರ್ ಇದೆಯಲ್ಲ. ಪ್ರಿಂಟ್ ಕೊಡ್ತೀನಿ."

"ಪ್ರಿಂಟಿಗೆ ಸದ್ದಿಲ್ವಲ್ಲ ಮೇಡಂ."

ಶಶಿರೇಖಾ ಮೆಷಿನ್ನಿನ ಕಡೆ ನೋಡಿದಳು. ಅಪ್ಪ ಮರಿಮಲ್ಲಪ್ಪ ಗುಂಡ್ಲುಪೇಟೆಯಲ್ಲಿ ಹನ್ನೊಂದು ಮೆಷಿನ್ನಿಟ್ಟು ಟೈಪಿಂಗ್ ಕಲಿಸುತ್ತಿದ್ದವರು. ಹತ್ತು ಗುಜರಿಗೆ ಹೋದವು. ಉಳಿದ ಈ ಒಂದರ ಸದ್ದು, ಅಪ್ಪ ಹೋದ ಮೇಲೆ ಮೂರು ವರ್ಷದಿಂದ ಯಾರಿಗೂ ಕೇಳಿಸಿರಲಿಲ್ಲ.

ಕುರ್ಚಿ ಎಳೆದುಕೊಟ್ಟಳು.

ಟಕ್... ಟಕ್ ಟಕ್... ಅವನು ಮೆಲ್ಲಗೆ ಹೊಡೆದ. ಅವಳ ಕಣ್ಣು ಒದ್ದೆಯಾಗಿದ್ದು ಯಾರಿಗೂ ಕಾಣಬಾರದೆಂದು ಜೆರಾಕ್ಸ್ ಮೆಷಿನ್ನಿನ ಕಡೆ ತಿರುಗಿದಳು.

ಅವನ ಹೆಸರು ನೀಲಕಂಠಸ್ವಾಮಿ. ಹತ್ತಿರದ ಕಾಡಂಚಿನ ಮದ್ದೂರಿನ ಅರಣ್ಯ ಕಚೇರಿಯಲ್ಲಿ ಗುಮಾಸ್ತ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು, ಶನಿವಾರ ಮಧ್ಯಾಹ್ನ ಬಸ್ ಹತ್ತಿ ಬಂದು ಈ ಮೆಷಿನ್ನಿನ ಮುಂದೆ ಕೂರತೊಡಗಿದ.

"ಅಲ್ಲೂ ಟೈಪು, ಇಲ್ಲೂ ಟೈಪು. ಬೇಜಾರಾಗಲ್ವಾ?" ಎಂದು ಅವಳು ಒಂದು ದಿನ ಕೇಳಿದಳು.

"ಅಲ್ಲಿ ತಪ್ಪು ಮಾಡಿದ್ರೆ ಅಳಿಸಿಹೋಗುತ್ತೆ. ಇಲ್ಲಿ ಒಂದು ಅಕ್ಷರಕ್ಕೂ ಯೋಚನೆ ಮಾಡಿ ಬೆರಳಿಡಬೇಕು. ಮನಸ್ಸು ತಣ್ಣಗಾಗುತ್ತೆ ನೋಡಿ."

ಅವಳು ಅವನಿಗೆ ಅಪ್ಪನ ಎರಡು ಪಾಠ ಹೇಳಿಕೊಟ್ಟಳು. ಸಾಲು ಮುಗಿಯುವ ಮುನ್ನ ಬಾರಿಸಬೇಕಾದ ಗಂಟೆ ಕೆಟ್ಟಿದೆ, ಅಂಚಿನ ಮೇಲೆ ಕಣ್ಣಿರಲಿ. ಹೊಡೆಯುವ ಕಾಗದದ ಹಿಂದೆ ಯಾವಾಗಲೂ ಇನ್ನೊಂದು ಹಾಳೆ ಇರಲಿ. "ರೋಲರಿಗೆ ಏಟು ಬೀಳಬಾರ್ದು ಕಣಮ್ಮಿ, ಹಿಂದಿರೋದು ತಿನ್ಲಿ ಏಟ" ಅನ್ನುತ್ತಿದ್ದರು ಅಪ್ಪ.

ಇನ್ನೊಂದು ಐಬನ್ನು ಅವನೇ ಕಂಡುಹಿಡಿದ. ಲ-ಒತ್ತಿನ ಅಚ್ಚು ಮುರಿದಿತ್ತು. ಕೀಲಿ ಒತ್ತಿದರೆ ಸದ್ದು ಬರುತ್ತಿತ್ತು, ಒತ್ತು ಬೀಳುತ್ತಿರಲಿಲ್ಲ.

ಕಾಡಿನ ಸುದ್ದಿ ಹೊಡೆದು ಅವಳ ಮೇಜಿನ ಮೇಲೆ ಇಟ್ಟುಹೋಗುತ್ತಿದ್ದ. 'ಇವತ್ತು ಆನೆ ಇಲ. ಹುಲಿ ಇಲ. ಗೋಡೆ ಮೇಲೆ ಹಲಿ ಇದೆ.'

ಅವಳು ಒಬ್ಬಳೇ ನಕ್ಕಳು. ಮುಂದಿನ ವಾರ ಅವನು ಟೀ ಕೇಳಿದಾಗ ಫ್ಲಾಸ್ಕ್ ಬಗ್ಗಿಸಿ, "ಇಲ" ಅಂದಳು. ಅವನೂ ನಕ್ಕ. ಅವತ್ತಿನಿಂದ ಒತ್ತಿಲ್ಲದ ಆ 'ಲ' ಅವರಿಬ್ಬರದಾಯಿತು.

ಮನೆಗೂ ಸುದ್ದಿ ಮುಟ್ಟಿತು. "ಯಾರವ್ವಾ ಅದು, ಶನಿವಾರ ತಪ್ಪುಸ್ದೆ ಬರೋನು?" ಎಂದಳು ತಾಯಿ ದೊಡ್ಡಮಲ್ಲಮ್ಮ, ರೊಟ್ಟಿ ತಟ್ಟುತ್ತಾ.

"ಟೈಪ್ ಮಾಡೋಕೆ ಬರ್ತಾರೆ ಕಣವ್ವ."

"ನಿಮ್ಮಪ್ಪನ್ ತಾವೂ ಬತ್ತಿದ್ರು ಕಲಿಯೋರು. ಯಾರೂ ಈ ಪಾಟಿ ತಲೆ ಬಾಚ್ಕಂಡು ಬತ್ತಿರ್ನಿಲ್ಲ ಬುಡು."

ಶಶಿರೇಖಾ ಮುಖ ತಿರುಗಿಸಿ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು. ಗಂಡ ತೀರಿಕೊಂಡು ಐದು ವರ್ಷ. ಮಗಳು ಸುಧಾಮಣಿ ಎರಡನೇ ಕ್ಲಾಸು. 'ಅವರಿಗೆ ಇದೆಲ್ಲ ಗೊತ್ತಾ? ಗೊತ್ತಾದ ಮೇಲೂ ಬರ್ತಾರಾ?'

ಮುಂದಿನ ಶನಿವಾರ ಹೇಳಿಯೇಬಿಟ್ಟಳು. ಗಂಡ ಇಲ್ಲದ್ದು, ಮಗಳಿರುವುದು, ಅಮ್ಮ ಕೇಳಿದ್ದು. ಅವನು ತಲೆ ತಗ್ಗಿಸಿ ಎಲ್ಲ ಕೇಳಿದ. ಏನೂ ಹೇಳದೆ ಬಸ್ಸಿಗೆ ಹೋದ.

ಅದರ ಮರು ಶನಿವಾರ ಅವಳು ಸ್ಕೂಲಿನ ಮೀಟಿಂಗಿಗೆ ಹೋಗಿದ್ದಳು. ಅಂಗಡಿ ನೋಡಿಕೊಳ್ಳುತ್ತಿದ್ದ ತಾಯಿ, "ಬಂದಿದ್ದ. ಏನೋ ಹೊಡ್ದು, ತಿರುಗ್ಸೂ ನೋಡ್ದೆ ಇಟ್ಬುಟ್ಟು ಓಡೋದ" ಎಂದಳು.

ಮೇಜಿನ ಮೇಲೆ ಅಂಗೈ ಅಗಲದ ಚೀಟಿ. ಒಂದೇ ಸಾಲು.

'ನಾನು ನಿಮ್ಮ ಮನೆಗೆ ಬರಲ'

ಅವಳು ಚೀಟಿಯನ್ನು ಕೈಗೆತ್ತಿಕೊಂಡಳು. ಒತ್ತು ಸೇರಿಸಿ ಓದುವುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬರಲ್ಲ.

'ಸರಿ... ಮಗು ಇರೋಳು. ಯಾರು ತಾನೆ ಬರ್ತಾರೆ? ನೇರವಾಗಿ ಹೇಳಿದ್ರಲ್ಲ, ಅಷ್ಟೇ ಸಾಕು.' ಚೀಟಿಯನ್ನು ಪರ್ಸಿಗೆ ಹಾಕಿ, ಮೆಷಿನ್ನಿನ ಮೇಲೆ ಹೊದಿಕೆ ಎಳೆದಳು.

ಅವನು ಮತ್ತೆ ಬರಲಿಲ್ಲ. ಆರು ಶನಿವಾರ ಕಳೆದವು. ಅವನ ನಂಬರು ಫೋನಿನಲ್ಲಿತ್ತು. ಬರಲ್ಲ ಅಂದವರಿಗೆ ಫೋನ್ ಮಾಡಿ ಏನೆಂದು ಕೇಳುವುದು?

ಏಳನೇ ಶನಿವಾರ ಅಂಗಡಿ ಮುಚ್ಚಿ, ಮೆಷಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಚಾಮರಾಜನಗರದ ಬಸ್ಸು ಹತ್ತಿದಳು. ಅಪ್ಪನ ಕಾಲದಿಂದ ರಿಪೇರಿ ಮಾಡುತ್ತಿದ್ದ ಗುಲಾಮ್ ಮೊಹಿದ್ದೀನ್ ಸಾಬರು ಇನ್ನೂ ಅಂಗಡಿ ತೆರೆದಿದ್ದರು. ಈಗ ಮಿಕ್ಸಿ, ಹೊಲಿಗೆ ಮೆಷಿನ್ನುಗಳ ನಡುವೆ.

"ಬಿಚ್ಚಿ ಬಿಡಿ ಸಾಬರೇ. ಯಾರಿಗಾದ್ರೂ ಬಿಡಿಭಾಗ ಆಗುತ್ತೆ."

ಸಾಬರು ಕನ್ನಡಕ ಏರಿಸಿ ಅವಳ ಮುಖ ನೋಡಿದರು. "ಮರಿಮಲ್ಲಪ್ಪನ ಮೆಷಿನ್ ನಾನು ಬಿಚ್ಚಬೇಕಾ ಬೇಟಿ? ನನಗೆ ಬೇರೆ ಕೆಲಸ ಸಿಗಲ್ವಾ?"

ಹೊದಿಕೆ ತೆಗೆದರು. ರೋಲರಿಗೆ ಸುತ್ತಿಕೊಂಡೇ ಇದ್ದ ಹಿಂದಿನ ಹಾಳೆಯನ್ನು ಹೊರಕ್ಕೆ ತಿರುಗಿಸಿದರು. ಗೊಣಗಿದರು.

"ಯಾರಮ್ಮ ಇವನು? ಚೀಟಿ ಮುಗಿದಿದ್ರೂ ಹೊಡೀತಾನೆ ಇದ್ದಾನೆ. ಬೆಲ್ ಇಲ್ಲದಿದ್ರೆ ಕಣ್ಣೂ ಇಲ್ವಾ?"

ಹಾಳೆಯೆಲ್ಲ ಬರೀ ಏಟಿನ ಗುಳಿ. ಬಲಕ್ಕೆ ಒಂದೇ ಕಡೆ, ಚೀಟಿಯ ಅಂಚು ಮುಗಿದಲ್ಲಿ, ರಿಬ್ಬನ್ನಿನ ಕಪ್ಪು ಸ್ಪಷ್ಟವಾಗಿ ಬಿದ್ದಿತ್ತು. ಒಂದು ದೀರ್ಘ. ಅದರ ಪಕ್ಕ ಒಂದು ಪ್ರಶ್ನೆ ಚಿಹ್ನೆ.

ಅವಳು ಪರ್ಸಿನಿಂದ ಚೀಟಿ ತೆಗೆದು ಗುಳಿಗಳ ಮೇಲಿಟ್ಟು ಸರಿಸಿದಳು... 'ಲ' ಮುಗಿದ ಕಡೆಗೆ ದೀರ್ಘ ಬಂದು ಕೂತಿತು.

ನಾನು ನಿಮ್ಮ ಮನೆಗೆ ಬರಲಾ?

ಹಲ್ಲಿಯ ಸುದ್ದಿಗೂ ಪೂರ್ಣವಿರಾಮ ತಪ್ಪಿಸದ ಮನುಷ್ಯ. ಈ ಸಾಲಿಗೆ ಯಾಕೆ ಹಾಕಲಿಲ್ಲ ಎಂದು ತನಗೆ ಒಂದು ಸಲವೂ ಅನ್ನಿಸಲಿಲ್ಲವಲ್ಲ...

"ಅಳಬೇಡ ಬೇಟಿ, ಏನಾಯ್ತು?"

"ಏನೂ ಕೆಟ್ಟಿಲ್ಲ ಸಾಬರೇ," ಅಂದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. "ಬಿಚ್ಚಬೇಡಿ. ರಿಪೇರಿ ಮಾಡಿಕೊಡಿ."

ಸಾಬರು ಹಳೇ ಡಬ್ಬಿ ಸುರಿದು, ಸತ್ತ ಮೆಷಿನ್ನೊಂದರ ಲ-ಒತ್ತು ಹುಡುಕಿ ಬೆಸುಗೆ ಹಾಕಿದರು. ಗಂಟೆಯ ತುಕ್ಕು ಉಜ್ಜಿದರು. ಟಿಂಗ್. ಅಪ್ಪ ಪಕ್ಕದ ಕೋಣೆಯಿಂದ ಕರೆದ ಹಾಗಾಯಿತು ಅವಳಿಗೆ. ಏಟು ತಿನ್ನಲು ಹಿಂದೊಂದು ಹಾಳೆ ಇಡು ಎಂದಿದ್ದ ಆ ಜೀವಕ್ಕೆ ಅಲ್ಲೇ ಮನಸ್ಸಿನಲ್ಲೇ ಕೈಮುಗಿದಳು. ಸಾಬರ ಮೇಜಿನ ಮೇಲೇ ಒಂದು ಸಾಲು ಹೊಡೆದುಕೊಂಡಳು.

ಸೋಮವಾರ ಬೆಳಿಗ್ಗೆ ಮದ್ದೂರಿನ ಕಚೇರಿ. ಕಂಪ್ಯೂಟರಿನಿಂದ ತಲೆಯೆತ್ತಿದ ನೀಲಕಂಠಸ್ವಾಮಿ ಎದ್ದೇ ನಿಂತ. ಸೊರಗಿದ್ದ. ತಲೆಯನ್ನೂ ಬಾಚಿರಲಿಲ್ಲ.

ಅವಳು ಅವನ ಮೇಜಿನ ಮೇಲೆ ಆ ಹಿಂದಿನ ಹಾಳೆ ಹಾಸಿ, ಅದರ ಮೇಲೆ ಚೀಟಿ ಜೋಡಿಸಿದಳು. ಅವನು ನೋಡಿದ. ಮತ್ತೆ ನೋಡಿದ.

"ಅಯ್ಯೋ ಶಿವನೇ... ದೀರ್ಘ ಬಿದ್ದೇ ಇಲ್ವಾ?"

"ಕಾಗದ ದಾಟಿ ಬಿದ್ದಿದೆ."

"ಅಂಗಡಿಗೆ ಬರೋಕೆ ಧೈರ್ಯ ಸಾಲದೆ, ಆರು ವಾರ ನಿಮ್ಮ ಉತ್ತರಕ್ಕೆ ಕಾಯ್ತಿದ್ದೆ ರೇಖಾ. ಬರಲಿಲ್ಲ. ಬೇಡ ಅಂತಲೇ ಅರ್ಥ ಅನ್ಕೊಂಡೆ."

"ನಾನು ಉತ್ತರ ಬಂದಾಯ್ತು ಅನ್ಕೊಂಡಿದ್ದೆ." ಅವಳ ದನಿ ಸಣ್ಣಗಾಯಿತು. "ಅವತ್ತು ಮಗಳ ವಿಷಯ ಹೇಳಿದಾಗ ಸುಮ್ಮನೆ ಎದ್ದುಹೋದ್ರಲ್ಲ..."

"ಬಾಯಲ್ಲಿ ಹೇಳಿದ್ರೆ ತಡವರಿಸ್ತೀನಿ ಅಂತ ಹೋದೆ. ಹೊಡೆದೇ ಕೇಳೋಣ ಅಂತ. ಸುಧಾಮಣಿಗೆ ಅಂತ ಆನೆಮರಿ ಸುದ್ದಿ ಬೇರೆ ಬರೆದಿಟ್ಟಿದ್ದೆ." ಡ್ರಾಯರಿನಿಂದ ಮಡಿಸಿದ ಹಾಳೆ ತೆಗೆದ. ಕೈಬರಹ. "ಮೆಷಿನ್ ಇರಲಿಲ್ವಲ್ಲ."

ಅವಳು ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತನ್ನ ಚೀಟಿಯನ್ನು ಅವನ ಮುಂದಿಟ್ಟಳು.

'ಭಾನುವಾರ ಬನ್ನಿ. ನಾವೆಲ್ಲ ಕಾಯುತ್ತೇವೆ.'

ಅವನ ಬೆರಳು 'ಎಲ್ಲ'ದ ಮೇಲೆ ನಿಂತಿತು. "ಒತ್ತು ಬಿದ್ದಿದೆ..."

"ಸಾಬರು ಸರಿ ಮಾಡಿಕೊಟ್ರು. ಇನ್ಮೇಲೆ ನೀವು 'ಬರಲ್ಲ' ಅಂತ ಹೊಡೆದ್ರೆ ಪೂರ್ತಿ ಕಾಣುತ್ತೆ. ಬಂದು ಒಂದ್ಸಲ ಹೊಡೆದು ನೋಡಿ."

ಅವನು ಚೀಟಿಯನ್ನು ಎದೆಯ ಜೇಬಿಗೆ ಇಟ್ಟುಕೊಂಡ.

"ಆ ಪದ ಹೊಡೆಯೋಕೆ ನಂಗೆ ಬರಲ್ಲ."