ಐವತ್ತು ನಿಮಿಷದ ದೂರ

"ಮೊನ್ನೆ ನಮ್ಮ ವಿಮಾನ ವಾಪಸ್ ಕಳಿಸಿದ್ದು ನೀನೇನಾ?"

ಉತ್ತರ ಕೆನಡಾದ ಆರ್ಕ್‌ಟಿಕ್ ಬೇ ಊರಿನ ವಿಮಾನ ನಿಲ್ದಾಣದ ರೇಡಿಯೋ ಕೋಣೆಯ ಬಾಗಿಲಲ್ಲಿ ನಿಂತಿದ್ದ ಯುವಕನ ಕಣ್ಣು ಕೆಂಪಾಗಿತ್ತು.

ಉಲೂರಿಯಾಕ್ ಎದ್ದು ನಿಂತಳು. ಹವಾಮಾನ ನೋಡಿ ಪೈಲಟ್‌ಗೆ ತಿಳಿಸುವುದು ಅವಳ ಕೆಲಸ.

"ಹೌದು, ನಾನೇ. ರನ್‌ವೇ ಕಾಣ್ತಿರಲಿಲ್ಲ."

"ನಮ್ಮೂರು ಪಾಂಡ್ ಇನ್ಲೆಟ್‌ನಿಂದ ಇಲ್ಲಿಗೆ ಐವತ್ತು ನಿಮಿಷ! ತಲೆ ಮೇಲೆ ಬಂದು ಸುತ್ತಿ ವಾಪಸ್ ಹೋದ್ವಿ. ಅಷ್ಟರಲ್ಲಿ ಇಲ್ಲಿ ನನ್ನಜ್ಜಿ ತೀರ್ಕೊಂಡ್ಲು..."

ಅವಳು ಕಣ್ಣು ತಪ್ಪಿಸಲಿಲ್ಲ. "ಒಳಗೆ ಹದಿನಾಲ್ಕು ಜನ ಇದ್ರಿ. ಇನ್ನೊಂದ್ಸಲ ಹಾಗೇ ಆದ್ರೂ ಅದನ್ನೇ ಹೇಳ್ತೀನಿ."

ಅವನು ಬಾಗಿಲು ದಬ್ಬಿ ಹೊರಟುಹೋದ.

ಆರು ತಿಂಗಳ ನಂತರ ಪಾಂಡ್ ಇನ್ಲೆಟ್ ನಿಲ್ದಾಣದಿಂದ ಹೊಸ ದನಿಯೊಂದು ಫೋನಿನಲ್ಲಿ ಕೇಳಿಸಿತು.

"ತಾಗಾಕ್ ಮಾತಾಡ್ತಿರೋದು. ನಿನ್ನ ಹತ್ರ ಜಗಳ ಆಡಿದ್ನಲ್ಲ, ಅವನೇ. ನಿನ್ನ ಕೆಲಸ ಎಷ್ಟು ಕಷ್ಟ ಅಂತ ನೋಡೋಣ ಅಂತ ನಾನೂ ಅದನ್ನೇ ಕಲಿತು ಇಲ್ಲಿ ಸೇರ್ಕೊಂಡೆ."

"ಗೊತ್ತಾಯ್ತಾ?"

"ಚೆನ್ನಾಗಿ!"

ಅವಳು ನಕ್ಕಳು. ಅಂದಿನಿಂದ ದಿನವೂ ಗಾಳಿ, ಮೋಡದ ಮಾತು ಮುಗಿದ ಮೇಲೆ ಸೀಲ್ ಬೇಟೆಯ ಮಾತು, ಊರಿನ ಹರಟೆ... ಒಂದು ವರ್ಷ ಹೀಗೇ ಕಳೆಯಿತು.

ಏಪ್ರಿಲ್‌ನಲ್ಲಿ ಅವಳೇ ಕೇಳಿದಳು. "ಒಂದ್ಸಲ ಇಲ್ಲಿಗೆ ಬಾ, ತಾಗಾಕ್."

"ಆ ನಿಲ್ದಾಣಕ್ಕೆ ಕಾಲಿಡೋಕೆ ನನ್ನಿಂದ ಆಗಲ್ಲ." ಫೋನ್ ಇಟ್ಟುಬಿಟ್ಟ.

ಮರುದಿನದಿಂದ ಫೋನಿನಲ್ಲಿ ಬೇರೆಯವರ ದನಿ!

'ಇನ್ನೂ ನನ್ನನ್ನ ಕ್ಷಮಿಸಿಲ್ಲ... ಹಾಗಿದ್ರೆ ಎದುರಿಗೆ ನಿಂತು ಹೇಳಲಿ.'

ಅವಳು ರಜೆ ಹಾಕಿ ಪಾಂಡ್ ಇನ್ಲೆಟ್‌ಗೆ ಟಿಕೆಟ್ ತೆಗೆದಳು. ಆದರೆ ತನ್ನೂರಿನ ಗುಡ್ಡದ ಮೇಲಿನ ರನ್‌ವೇಯನ್ನು ಮೂರು ದಿನವಾದರೂ ಮೋಡ ಬಿಡಲಿಲ್ಲ. ಕೆಳಗೆ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಮಾತ್ರ ಬಿಸಿಲು.

"ಕೂನೂ ಚಿಕ್ಕಪ್ಪ, ಸ್ನೋಮೊಬೈಲ್ ತೆಗಿ."

"ಹುಚ್ಚು ಹುಡುಗಿ, ಎರಡು ದಿನದ ದಾರಿ ಅದು!"

"ಗೊತ್ತು. ಡೇರೆ ಕಟ್ಟಿಟ್ಟಿದ್ದೀನಿ."

ಮೈ ಮರಗಟ್ಟಿಸುವ ಚಳಿ, ಮಂಜುಗಡ್ಡೆಯ ದಿಬ್ಬಗಳು, ಆ ಮಂಜುವಾಹನದ ಹಿಂದೆ ಸಾಮಾನು ಹೇರಿ ಕಟ್ಟಿದ್ದ ಜಾರುಬಂಡಿ ಒಂದೆಡೆ ಮುರಿಯಿತು. ಹಗ್ಗ ಬಿಗಿದು ಮತ್ತೆ ಹೊರಟರು. ಒಮ್ಮೆಯೂ ಅವಳು ಹಿಂತಿರುಗೋಣ ಎನ್ನಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ತಾಗಾಕ್ ಬಾಗಿಲು ತೆರೆದಾಗ ಅವಳ ಕೆನ್ನೆ ಚಳಿಗೆ ಸುಟ್ಟು ಕಪ್ಪಾಗಿತ್ತು.

"ಉಲೂರಿಯಾಕ್! ನೀನು... ಹೇಗೆ?"

"ನನ್ನ ಮೇಲೆ ಕೋಪ ಇದ್ರೆ ಮುಖ ನೋಡಿ ಹೇಳು. ಹೋಗ್ತೀನಿ."

ಅವನು ತಲೆ ತಗ್ಗಿಸಿದ. "ಕೋಪ ನನ್ನ ಮೇಲೆ ಕಣೇ. ಅಜ್ಜಿ ಹೇಳಿಕಳಿಸಿದಾಗ, ವಾಪಸಾದ ವಿಮಾನಕ್ಕೂ ಹಿಂದಿನದರಲ್ಲೇ ಜಾಗ ಇತ್ತು... ನಾನು ಬೇಟೆಗೆ ಹೋದೆ. ತಪ್ಪು ನಂದು, ಬೈದಿದ್ದು ನಿನ್ನನ್ನ. ಯಾವ ಮುಖ ಇಟ್ಕೊಂಡು ಬರಲಿ?"

ಹೊತ್ತುತಂದಿದ್ದ ಭಾರವೆಲ್ಲ ಅವಳ ಕಣ್ಣಲ್ಲಿ ಹರಿಯಿತು. ಹತ್ತಿರ ಸರಿದು, ತಮ್ಮ ಜನ ಮುತ್ತಿಡುವ ರೀತಿಯಲ್ಲಿ ಅವನ ಕೆನ್ನೆಗೆ ಮೂಗು ಒತ್ತಿ ಉಸಿರೆಳೆದುಕೊಂಡಳು.

"ಇದನ್ನ ಫೋನಲ್ಲೇ ಹೇಳಬಾರದಿತ್ತಾ, ದಡ್ಡ!"

"ನಿನ್ನ ಕಳ್ಕೋತೀನಿ ಅಂತ ಭಯ... ನನ್ನ ಮದುವೆ ಆಗ್ತೀಯಾ?"

"ಮೊದಲು ಬಿಸಿ ಟೀ ಕೊಡು. ಆಮೇಲೆ ಹೂಂ ಅಂತೀನಿ."

ಹೊರಗಿನಿಂದ ಚಿಕ್ಕಪ್ಪನ ಕೂಗು ಕೇಳಿತು. "ಎರಡು ಲೋಟ ಮಾಡಪ್ಪಾ, ನಾನೂ ಹೆಪ್ಪುಗಟ್ಟಿದ್ದೀನಿ!"

"ಬನ್ನಿ ಒಳಗೆ," ಎಂದ ತಾಗಾಕ್, ಅವಳ ಕೈ ಬಿಡದೆ.

"ಹೂಂ," ಎಂದಳು ಅವಳು, ಟೀ ಬರುವ ಮೊದಲೇ.