ಬಿಸಿಲು ಬಲಿತ ಮೇಲೆ

"ಆಯಿ, ಏ ಆಯಿ! ಕರೆವ್ವನ ಗುಡಸಲ ಯಾವದರಿ?"

ಅಜ್ಜಿ ಎಂದು ಕರೆದದ್ದು ತನ್ನನ್ನೇ ಎಂದು ಗುರವ್ವನಿಗೆ ಹೊಳೆಯಲೇ ಇಲ್ಲ. ಜೋಳದ ಬಣವೆಯ ಪಕ್ಕದಲ್ಲಿ ಬೆನ್ನನ್ನು ಬಿಸಿಲಿಗೆ ಕೊಟ್ಟು, ತಲೆಯ ಮೇಲಿಂದ ಕಂಬಳಿ ಹೊದ್ದು, ಮುದುಡಿ ಕೂತಿದ್ದಳು.

"ಆಯಿ, ಕಿವಿ ಕೇಳಾಂಗಿಲ್ಲೇನ್ರಿ?"

ಈಗ ಅವಳು ತಿರುಗಿದಳು. "ಕಿವಿ ಚಲೋ ಕೇಳತಾವ್ರಿ. ಆಯಿ ಮಾತ್ರ ಇನ್ನೂ ಆಗಿಲ್ಲ."

ಎದುರಿಗೆ ನಿಂತಿದ್ದವನು ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದ. ಮೊಣಕಾಲಿನವರೆಗೂ ದಾರಿಯ ಧೂಳು. ಹೆಗಲ ಮೇಲಿನ ವಸ್ತ್ರದಲ್ಲಿ ಏನೋ ಗುಂಡಗಿನದು ಕಟ್ಟಿಕೊಂಡಿದ್ದ. ತಲೆಗೆ ಸುತ್ತಿದ ಪಟಕದ ಕೆಳಗೆ ಎರಡೂ ಕಿವಿಗಳು ನಾಚಿ ಕೆಂಪಾಗಿದ್ದವು.

"ತಪ್ಪಾತ್ರಿ ಯಕ್ಕಾ. ಕಂಬಳಿ ನೋಡಿ..."

"ಆಯಿಯಿಂದ ಅಕ್ಕಗ ಇಳಿಸಿದ್ರಿ. ಇನ್ನೊಂದ ಸಲ ಕರದ್ರ ಮಗಳs ಆಗಬೇಕಾಕ್ಕೈತಿ ನಾ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಆ ಕಿವಿಗಳ ಗುರುತು ಹತ್ತಿತು. ದೀಪಾವಳಿ ಮುಗಿದ ವಾರ ಅಜ್ಜಿ ಕರೆವ್ವನ ಪಡಸಾಲೆಯಲ್ಲಿ ಹೀಗೇ ಕೆಂಪು ಕಿವಿ ಮಾಡಿಕೊಂಡು ತಲೆ ತಗ್ಗಿಸಿ ಕೂತಿದ್ದ ಹುಡುಗ. ಮುನವಳ್ಳಿಯ ಸೋಮಪ್ಪನ ಮಗ ಶಂಕರೆಪ್ಪ. ಅವಳೊಡನೆ ಲಗ್ನ ನಿಶ್ಚಯವಾಗಿದ್ದವನು. ಅವತ್ತು ಅವನು ಒಂದೂ ಮಾತು ಆಡಿರಲಿಲ್ಲ. ಅವಳೂ ಸೆರಗಿನ ಅಂಚಿನಿಂದ ಒಮ್ಮೆ ನೋಡಿದ್ದಷ್ಟೇ.

ಮಾಘದಲ್ಲಿ ಮದುವೆ ಎಂದು ಮಾತಾಗಿತ್ತು. ಅಷ್ಟರೊಳಗೆ ಸಂಪಗಾಂವದ ಮನೆಗಳಲ್ಲಿ ಇಲಿ ಸತ್ತು ಬೀಳತೊಡಗಿದವು. ಪ್ಲೇಗು ಬಂದಿತ್ತು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಗಳಿಗೆ ಬಂದು ಜೋಳದ ಕಣಿಕೆಯ ಗುಡಿಸಲು ಕಟ್ಟಿಕೊಂಡಿತು. ಆ ಚಳಿಯಲ್ಲಿ ಗುರವ್ವನಿಗೂ ಜ್ವರ ಬಂತು, ಕೊರಳಿನಲ್ಲಿ ಗಂಟು ಎದ್ದಿತು. ತಾಯಿ ತಂದೆ ಇಲ್ಲದ ಮೊಮ್ಮಗಳನ್ನು ಕರೆವ್ವ ಒಬ್ಬಳೇ ತೊಡೆಯ ಮೇಲೆ ಹಾಕಿಕೊಂಡು ಕೂತು ಉಳಿಸಿಕೊಂಡಳು. ಹುಡುಗಿ ಉಳಿದಳು, ಮೊಣಕಾಲಿಗೆ ತಾಗುತ್ತಿದ್ದ ಜಡೆ ಉಳಿಯಲಿಲ್ಲ. ಮುನವಳ್ಳಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಬೇನೆ ಬಿದ್ದವಳು ಬೇಡವಾಗಿರಬೇಕು ಎಂದು ಗುರವ್ವ ತನಗೆ ತಾನೇ ಹೇಳಿಕೊಂಡಿದ್ದಳು. ಹೇಳಿಕೊಂಡ ಮೇಲೆ ಅಳುವುದನ್ನೂ ಬಿಟ್ಟಿದ್ದಳು.

ಈಗ ಯಾಕೆ ಬಂದ?

"ಕರೆವ್ವನ ಹತ್ರ ಏನ ಕೆಲಸ್ರಿ?" ಎಂದಳು, ಕಂಬಳಿಯನ್ನು ಹಣೆಯ ಮೇಲೆ ಎಳೆದುಕೊಂಡು.

ಅವನು ನೆಲ ನೋಡಿದ. "ಕೆಲಸ ಅಂದ್ರ... ಅವರ ಮೊಮ್ಮಗಳನ್ನ ಎಲ್ಲಿ ಮಣ್ಣ ಮಾಡ್ಯಾರ ಅಂತ ಕೇಳಬೇಕಿತ್ರಿ. ಒಂದ ಕಾಯಿ ಒಡದ ಹೋಗೂನಂತ."



"ನಿಮಗ ಯಾರ ಹೇಳಿದ್ರು, ಅಕಿ ಹ್ವಾದ್ಲು ಅಂತ?"

"ಯರಗಟ್ಟಿ ಸಂತ್ಯಾಗ ನಿಮ್ಮೂರವರs ಹೇಳಿದ್ರು. ಗುರವ್ವ ಹ್ವಾದ್ಲು ಅಂತ. ಆಗs ಬರಾಕ ಹೊಂಟಿದ್ದೆ. ಊರವರು ಬಿಡಲಿಲ್ಲ. ಬ್ಯಾನಿ ಊರಿಗೆ ಹ್ವಾದವ್ರನ್ನ ತಿರಗಿ ಒಳಗ ತಗೊಳಾಂಗಿಲ್ಲ ಅಂದ್ರು. ಹ್ವಾದ ವರ್ಷ ನನ್ನ ತಂಗಿ ಇದs ಬ್ಯಾನಿಗೆ ಹೋಗ್ಯಾಳ. ಅವತ್ತಿಂದ ನಮ್ಮಪ್ಪಗ ಭಾಳ ಅಂಜಿಕಿ."

ಗಾಳಿ ಬೆಚ್ಚಗೆ ಬೀಸಿತು. ಶಿವರಾತ್ರಿ ಕಳೆದ ಮೇಲೆ ಬಿಸಿಲಿನ ಗುಣವೇ ಬದಲಾಗಿತ್ತು. ಚಳಿಗಾಲದ ಬಿಸಿಲು ಮೈಮೇಲೆ ಬಿದ್ದರೂ ಒಳಗೆ ಇಳಿಯುತ್ತಿರಲಿಲ್ಲ. ಈಗಿನದು ಬೆನ್ನು ತಟ್ಟಿ ಎಬ್ಬಿಸುತ್ತಿತ್ತು. ಗುಡಿಸಲುಗಳ ಮುಂದೆ ಕೌದಿಗಳು ಹರವಿದ್ದವು. ಹೆಣ್ಣುಮಕ್ಕಳು ತಲೆ ತೊಳೆದುಕೊಂಡು ಕೂದಲು ಕೊಡವುತ್ತ ನಗುತ್ತಿದ್ದರು. ಪಿಸುಮಾತಿನಲ್ಲೇ ಮೂರು ತಿಂಗಳು ಕಳೆದಿದ್ದ ಗಂಡಸರು ಹೊಲದಿಂದ ಹೊಲಕ್ಕೆ ಕೂಗಿ ಮಾತಾಡುತ್ತಿದ್ದರು. ಬಿಸಿಲು ಬಲಿತರೆ ಬೇನೆ ಸಾಯುತ್ತದೆ ಎಂದು ಹಿರಿಯರು ಹೇಳಿದ್ದು ನಿಜವಾಗುತ್ತಿತ್ತು. ಹೊಸದಾಗಿ ಯಾರೂ ಮಲಗಿರಲಿಲ್ಲ.

"ಈಗ ಹೆಂಗ ಬಿಟ್ರು?" ಎಂದು ಕೇಳಿದಳು.

"ಈಗ ಬಿಸಲ ಬಲತೈತಲ್ರಿ. ಅಂಜಿಕಿ ಕಡಿಮಿ ಆಗೈತಿ. ಮತ್ತ..." ಅವನು ತಡೆದ. "ರಾಮದುರ್ಗದಾಗ ಒಂದ ಹುಡಿಗಿ ಅದಾಳಂತ. ಯುಗಾದಿ ಆದ ಮ್ಯಾಲ ನೋಡಾಕ ಹೋಗೂನು ಅಂತ ಅಪ್ಪ ಅಂದಾನ. ನಾ ಅಂದೆ, ಮೊದಲ ಸಂಪಗಾಂವಕ್ಕ ಹೋಗಿ ಬರತೇನಿ, ಆಮ್ಯಾಲ ನೋಡೂನು."

"ಸತ್ತಾಕೀನ ಕೇಳಾಕ?"

"ಹೇಳಾಕ್ರಿ."

"ಏನಂತ?"

ಅವನು ಅವಳ ಮುಖದ ಕಡೆ ನೋಡದೆ, ಹರವಿದ ಕೌದಿಯ ಚೌಕಗಳನ್ನು ನೋಡುತ್ತ ಹೇಳಿದ. "ಅವತ್ತ ನಾ ಮಾತಾಡಲಿಲ್ಲ ಅಂತ ಅಕಿ ನನ್ನ ಮೂಕ ಅಂತ ತಿಳಕೊಂಡಿರಬೇಕು, ಇಲ್ಲಾ ಸೊಕ್ಕಿನವ ಅಂತ. ಎರಡೂ ಅಲ್ಲ. ಒಳಗ ಅಕಿ ಯಾರ ಜೋಡಿನೋ ನಗಾಕ ಹತ್ತಿದ್ಲು. ಅದನ್ನ ಕೇಳಕೋತ ಕುಂತಿದ್ದೆ. ನಾ ಮಾತಾಡಿದ್ರ ಕೇಳಾಂಗಿಲ್ಲಲ್ಲ ಅಂತ ಸುಮ್ಮನಿದ್ದೆ."

ಗುರವ್ವನ ಕಣ್ಣು ತುಂಬಿಬಂತು. ಅವತ್ತು ಅವಳು ನಗುತ್ತಿದ್ದುದು ಪಕ್ಕದ ಮನೆಯ ಜಟ್ಟೆಪ್ಪನ ಮಗಳ ಜೊತೆ. ಅವಳ ಹೆಸರೂ ಗುರವ್ವ. ನೀರಿಗೆ ಹೋದರೆ ಇಬ್ಬರೂ ಜೊತೆಗೇ. ಒಬ್ಬಳನ್ನು ಕರೆದರೆ ಇಬ್ಬರೂ ಓ ಎನ್ನುತ್ತಿದ್ದರು.

ಸುಮ್ಮನಿದ್ದುಬಿಡಬಹುದಿತ್ತು. ಅವನು ಕಾಯಿ ಒಡೆದು, ಮನಸ್ಸು ಹಗುರ ಮಾಡಿಕೊಂಡು, ಕೂದಲು ಇರುವ, ಕೊರಳು ಚೊಕ್ಕಟವಾಗಿರುವ ಹುಡುಗಿಯನ್ನು ನೋಡಲು ರಾಮದುರ್ಗಕ್ಕೆ ಹೋಗುತ್ತಿದ್ದ. ಆ ವಿಚಾರ ಬಂತು. ಆದರೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಆ ಮುಖ ನೋಡಿ ಅವಳಿಂದ ಆಗಲಿಲ್ಲ.

"ನಮ್ಮೂರಾಗ ಇಬ್ಬರು ಗುರವ್ವ ಇದ್ದವ್ರಿ," ಎಂದಳು. "ಹ್ವಾದಾಕಿ ಜಟ್ಟೆಪ್ಪ ಕಾಕಾನ ಮಗಳು. ನನ್ನ ಗೆಳತಿ. ನಾ ಇನ್ನೊಬ್ಬಾಕಿ."

ಅವನು ನಿಂತಲ್ಲೇ ಕುಸಿದು ಕೂತ. ಎರಡೂ ಕೈ ನೆಲಕ್ಕೆ ಊರಿದ, ನೆಲ ಗಟ್ಟಿಯಾಗಿದೆಯೋ ಇಲ್ಲವೋ ನೋಡುವವನಂತೆ. ವಸ್ತ್ರದ ಗಂಟು ಬಿಚ್ಚಿ ತೆಂಗಿನಕಾಯಿ ಉರುಳಿಹೋಯಿತು.

"ನೀ... ಕರೆವ್ವನ ಮೊಮ್ಮಗಳು?"

"ಹೌದ್ರಿ."

"ಇದ್ದೀ?"

"ಇದ್ದೇನ್ರಿ."

ಅವನು ಪಟಕ ತೆಗೆದು ಮುಖ ಮುಚ್ಚಿಕೊಂಡ. ಹೆಗಲು ಅಲುಗುತ್ತಿದ್ದವು. ಗುರವ್ವ ಅವನನ್ನು ಹಾಗೇ ಬಿಟ್ಟಳು. ಅವನು ತಲೆ ಎತ್ತಿದಾಗ ಅವಳು ಬೇಕೆಂದೇ ಕಂಬಳಿಯನ್ನು ಹೆಗಲಿಗೆ ಇಳಿಸಿದಳು. ಗಂಡು ಹುಡುಗರ ಹಾಗೆ ಕತ್ತರಿಸಿದ್ದ ಕೂದಲು, ಕೊರಳಿನ ಪಕ್ಕದಲ್ಲಿ ಸುಕ್ಕಾದ ಗಾಯದ ಕಲೆ, ಎಲುಬು ಕಾಣುವ ಭುಜ. ಎಲ್ಲದರ ಮೇಲೂ ಬಿಸಿಲು ಬಿತ್ತು.

"ಚಲೋತ್ನಾಗ ನೋಡ್ರಿ. ನೀವು ಒಪ್ಪಿದಾಕಿ ಹಿಂಗಿರಲಿಲ್ಲ. ರಾಮದುರ್ಗಕ್ಕ ಹೋಗೂದಿದ್ರ ಈಗs ಹೋಗಿಬಿಡ್ರಿ. ಹೆಂಗೂ ನೋಡಾಕ ಹೋಗೂದು ಐತೆಲ್ಲ. ನಾ ಬೈಯಾಂಗಿಲ್ಲ."

ಅವನು ನೋಡಿದ. ಕೂದಲು ನೋಡಿದ, ಕಲೆ ನೋಡಿದ, ಅವಳು ಗದ್ದ ಎತ್ತಿಕೊಂಡು ಕೂತ ಭಂಗಿ ನೋಡಿದ. ಅವಳಿಗೆ ಸಾಕಾಗಿ ಕಂಬಳಿ ಎಳೆದುಕೊಳ್ಳಬೇಕು ಎನ್ನಿಸುವವರೆಗೂ ನೋಡಿದ.

"ಕೂದಲ ಬೆಳೀತಾವು," ಎಂದ. "ಅವತ್ತ ಸೆರಗಿನ್ಯಾಗ ಮಾರಿನೂ ನೋಡಾಕ ಆಗಿರಲಿಲ್ಲ. ಇವತ್ತ ನೋಡಿದೆ."

"ನೋಡಿ?"

"ಇನ್ನೂ ನೋಡಾಕ ಹತ್ತೇನಿ."

ಕೆನ್ನೆ ಬಿಸಿಯಾಯಿತು. ಅದು ಬಿಸಿಲಿಗಲ್ಲ.

ಅಷ್ಟರಲ್ಲಿ ಸಗಣಿ ಕುಳ್ಳಿನ ಬುಟ್ಟಿ ಹೊತ್ತು ಕರೆವ್ವ ಬಂದಳು. ಹುಡುಗನನ್ನು ಕಂಡವಳೇ ಬುಟ್ಟಿಯನ್ನು ಧೊಪ್ಪೆಂದು ಇಳಿಸಿದಳು. ಗುರುತು ಹಿಡಿಯಲು ಅವಳಿಗೆ ಹೊತ್ತು ಬೇಕಾಗಲಿಲ್ಲ.

"ಬಂದ್ಯೇನೋ? ಇಡೀ ಥಂಡಿ ಕಳೀತು, ಈಗ ಬಂದ್ಯಾ? ನನ್ನ ಕೂಸು ಜ್ವರದಾಗ ಬಡಬಡಸಾಕ ಹತ್ತಿದಾಗ ಎಲ್ಲಿ ಹೋಗಿದ್ದಿ?"

ಅವನು ಎಲ್ಲವನ್ನೂ ಹೇಳಿದ. ಮುದುಕಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ಕೊನೆಗೆ ಉರುಳಿ ಬಿದ್ದಿದ್ದ ಕಾಯಿಯ ಮೇಲೆ ಅವಳ ಕಣ್ಣು ಹೋಯಿತು.

"ಇದು?"

"ಮಣ್ಣ ಮಾಡಿದ ಜಾಗಾದಾಗ ಒಡ್ಯಾಕ ತಂದಿದ್ನಿ."

"ಜೀವಂತ ಇರೂ ಹುಡಿಗಿಗೆ?" ಕರೆವ್ವ ಕಾಯಿಯನ್ನು ಎತ್ತಿಕೊಂಡು ಒಲೆಯ ಗುಂಡುಕಲ್ಲಿಗೆ ರಪ್ಪನೆ ಬಡಿದಳು. ಎರಡು ಹೋಳಾಯಿತು. "ಹಂಗಂದ್ರ ಅಕೀನs ತಿನ್ನಲಿ."

ಗುರವ್ವನಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ತನ್ನ ಹೆಸರಿನ ಕಾಯಿಯನ್ನು ಬೆಲ್ಲ ಹಚ್ಚಿಕೊಂಡು ತಾನೇ ಕಚಕಚ ಅಗಿಯುತ್ತ ನಕ್ಕಳು. ಶಂಕರೆಪ್ಪ ತನ್ನ ಪಾಲಿನ ಹೋಳನ್ನು ಕೈಯಲ್ಲೇ ಹಿಡಿದುಕೊಂಡು ಕೇಳುತ್ತ ಕೂತುಬಿಟ್ಟ.

ಆದರೆ ಏಳುವ ಹೊತ್ತಿಗೆ ಕರೆವ್ವ ಗಟ್ಟಿಯಾಗಿ ಹೇಳಿದಳು. "ನೀ ಒಬ್ಬನs ಬಂದು ಕೇಳಿದ್ರ ಕೊಡಾಂಗಿಲ್ಲ. ನಿಮ್ಮಪ್ಪ ಬರಲಿ. ಈ ಗುಡಸಲಕ್ಕ ಅಲ್ಲ, ನಾವು ಊರಾಗ ಹೊಕ್ಕ ಮ್ಯಾಲ ನನ್ನ ಹೊಸ್ತಿಲಕ್ಕ. ಅಂಜಕೋತ ಒಯ್ದ ಸೊಸೀನ್ನ ಅಂಜಕೋತs ಇಟಗೋತೀರಿ. ಹಂತಾ ಮನೀಗೆ ನನ್ನ ಕೂಸ ಬ್ಯಾಡ."

"ಕರಕೊಂಡ ಬರತೇನ್ರಿ," ಎಂದ ಅವನು. ಹೇಳಿದ ದನಿಯಲ್ಲಿ ಧೈರ್ಯ ಅಷ್ಟಿರಲಿಲ್ಲ.

ದಿನದಿಂದ ದಿನಕ್ಕೆ ಬಿಸಿಲು ಏರಿತು. ಬೇವು ಚಿಗುರಿತು. ಗುರವ್ವ ಮೊದಲು ಬಣವೆಯವರೆಗೆ ನಡೆದಳು, ಆಮೇಲೆ ಬಾವಿಯವರೆಗೆ. ಕೈಗೆ ರೊಟ್ಟಿ ಬಡಿಯುವಷ್ಟು ಬಲ ಬಂತು. ತಲೆ ಸವರಿಕೊಂಡರೆ ಅಂಗೈಗೆ ಹೊಸ ಕೂದಲು ಚುಚ್ಚುತ್ತಿತ್ತು. ಕಂಬಳಿಯನ್ನು ಮಡಚಿ ಒಳಗಿಟ್ಟಳು.

ಊರವರು ಮನೆಗಳ ಬಾಗಿಲು ತೆರೆದರು. ಮಾಳಿಗೆಯ ಬೆಳಕಿಂಡಿಗಳ ಮೇಲಿನ ಕಲ್ಲು ಸರಿಸಿದಾಗ ಕತ್ತಲ ಕೋಣೆಗಳಿಗೆ ಬಿಸಿಲು ಕಂಬದ ಹಾಗೆ ಇಳಿಯಿತು. ಸುಣ್ಣ ಬಳಿದರು, ಸಗಣಿ ಸಾರಿಸಿದರು, ಬೇವಿನ ಹೊಗೆ ಹಾಕಿದರು. ಕರೆವ್ವನ ಮನೆಯಲ್ಲೂ ಒಲೆ ಹತ್ತಿತು. ಹೋಳಿ ಹುಣ್ಣಿಮೆಗೆ ಓಣಿಯಲ್ಲಿ ಹಲಗೆ ಬಾರಿಸಿದರು.

ಮುನವಳ್ಳಿಯಿಂದ ಯಾರೂ ಬರಲಿಲ್ಲ.

"ಬರತಾನ," ಎನ್ನುತ್ತಿದ್ದಳು ಕರೆವ್ವ, ಕೇಳದಿದ್ದರೂ.

"ನಾ ಏನರ ಅಂದ್ನೇನ?" ಎನ್ನುತ್ತಿದ್ದಳು ಗುರವ್ವ. ಗಾಡಿಯ ಗೆಜ್ಜೆಯ ಸದ್ದಿಗೆ ಮಾತ್ರ ಬಾಗಿಲಿಗೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಜಟ್ಟೆಪ್ಪ ಬಾಗಿಲಲ್ಲಿ ಬಂದು ನಿಂತ. ಮಗಳು ಹೋದ ಮೇಲೆ ಅವನು ಈ ಮನೆಯ ಕಡೆ ಬಂದಿರಲಿಲ್ಲ. ಮಗಳದೇ ಹೆಸರು ಹಿಡಿದು ಇವಳನ್ನು ಕರೆಯಲು ಅವನಿಗೆ ಆಗುತ್ತಿರಲಿಲ್ಲ.

"ಊರ ಹೊರಗ ಒಂದ ಗಾಡಿ ನಿಂತೈತಿ," ಎಂದ. "ಮುನವಳ್ಳಿಯವ್ರು. ಹಿರ್ಯಾ ಒಳಗ ಬರವಲ್ಲ. ಮಗ ಬೇಡಕೊಳ್ಳಾಕ ಹತ್ಯಾನ. ಎತ್ತ ತಿರಗಸು ಅನ್ನಾಕ ಹತ್ಯಾನ ಅಪ್ಪ." ಆಮೇಲೆ ಗಂಟಲು ಸರಿಮಾಡಿಕೊಂಡು, "ಗುರವ್ವಾ, ಹೋಗವಾ. ನೀನs ಹೋಗು," ಎಂದ.

ಕರೆವ್ವ ಬೇಡವೆನ್ನುವ ಮೊದಲೇ ಗುರವ್ವ ತಂಬಿಗೆಯಲ್ಲಿ ನೀರು, ಅಂಗೈಯಲ್ಲಿ ಬೆಲ್ಲ ಹಿಡಿದು ಹೊರಟಿದ್ದಳು. ಹೊದ್ದ ಸೆರಗು ಜಾರಿದರೂ ಎಳೆದುಕೊಳ್ಳಲು ಕೈ ಖಾಲಿ ಇರಲಿಲ್ಲ. ಊರ ಹೊರಗಿನ ಬಯಲಿನಲ್ಲಿ ಬಿಸಿಲು ಝಳಝಳಿಸುತ್ತಿತ್ತು. ಗಾಡಿಯ ಮೇಲೆ ಸೋಮಪ್ಪ ಕೂತಿದ್ದ. ಎತ್ತಿನ ಮೂಗುದಾರ ಹಿಡಿದು ಶಂಕರೆಪ್ಪ ನಿಂತಿದ್ದ. ಅವಳನ್ನು ಕಂಡು ಅವನ ಬಾಯಿ ಅರ್ಧ ತೆರೆಯಿತು.

ಗುರವ್ವ ಗಾಡಿಯ ತೀರ ಹತ್ತಿರ ಹೋಗಲಿಲ್ಲ. ತಂಬಿಗೆಯನ್ನು ನೆಲದ ಮೇಲೆ ಇಟ್ಟು, ಪಕ್ಕದ ಕಲ್ಲಿನ ಮೇಲೆ ಬೆಲ್ಲ ಇಟ್ಟು, ಹಿಂದಕ್ಕೆ ಸರಿದು ನಿಂತಳು.

"ದೂರದಿಂದ ಬಂದೀರಿ. ನೀರ ಕುಡೀರಿ ಮಾವಾರ."

"ಅಷ್ಟ ದೂರ ಯಾಕ ಸರದಿ?" ಸೋಮಪ್ಪನ ದನಿ ಒರಟಾಗಿತ್ತು.

"ನಿಮಗ ಅಂಜಿಕಿ ಬರಬಾರದಂತ್ರಿ."

ಅವನು ಅವಳನ್ನೂ ತಂಬಿಗೆಯನ್ನೂ ನಡುವಿನ ಖಾಲಿ ನೆಲವನ್ನೂ ನೋಡಿದ. ಒಂದು ಎತ್ತು ತಲೆ ಕೊಡವಿತು.

"ನನ್ನ ಮಗಳೂ ಹಿಂಗs ಮಾಡಿದ್ಲು," ಎಂದ ಕೊನೆಗೆ. "ಅಪ್ಪಾ ಹತ್ರ ಬರಬ್ಯಾಡ ಅಂದ್ಲು. ನಾ ಹೋಗಲಿಲ್ಲ. ಬಾಗಲದಾಗs ನಿಂತೆ." ಗಾಲಿಯ ಮೇಲೆ ಕಾಲಿಟ್ಟು ಮೆಲ್ಲಗೆ ಇಳಿದ. ಮಗ ಹಿಡಿಯಲು ಬಂದರೆ ಕೈ ಕೊಡವಿದ. ತಂಬಿಗೆಯ ಹತ್ತಿರ ಬಂದ, ಬಗ್ಗಲಿಲ್ಲ.

"ಎತ್ತಿ ಕೈಯಾಗ ಕೊಡವಾ," ಎಂದ.

ಅವಳು ಬಂದು ಎತ್ತಿಕೊಟ್ಟಳು. ಬೆರಳಿಗೆ ಬೆರಳು ತಾಗಿತು. ಅವನು ಕೈ ಹಿಂದೆಗೆಯಲಿಲ್ಲ. ಕತ್ತೆತ್ತಿ ಗಟಗಟ ಕುಡಿದ. ಖಾಲಿ ತಂಬಿಗೆಯನ್ನು ಅವಳಿಗೇ ಕೊಟ್ಟು, ತೋಳಿನಿಂದ ಮೀಸೆಯನ್ನೂ ಕಣ್ಣನ್ನೂ ಒರೆಸಿಕೊಂಡ. "ನಿಮ್ಮಾಯಿ ಹೊಸ್ತಿಲ ನನಗ ಗೊತ್ತೈತಿ. ನಾನs ಹೋಗತೇನಿ," ಎಂದು ಊರೊಳಗೆ ನಡೆದೇಬಿಟ್ಟ.

ಇಬ್ಬರೂ ಅವನು ಓಣಿ ತಿರುಗುವವರೆಗೆ ನೋಡಿದರು.

"ನಾ ಇಷ್ಟ ದಿನ ಹೇಳಕೋತs ಬಂದೀನಿ," ಎಂದ ಶಂಕರೆಪ್ಪ, ಬೆರಗಿನಲ್ಲಿ. "ಉಪವಾಸ ಕುಂತೀನಿ. ನೀ ಒಂದ ತಂಬಿಗಿ ನೀರಿನ್ಯಾಗ..."

"ಉಪವಾಸ? ಹೊಟ್ಟಿ ನೋಡಿದ್ರ ಹಂಗ ಕಾಣಸಾಂಗಿಲ್ಲ."

"ಅವ್ವ ಕದ್ದ ರೊಟ್ಟಿ ಕೊಡತಿದ್ಲು."

ಅವಳು ನಕ್ಕಳು. ನಗುತ್ತಿದ್ದಂತೆ ಹಣೆಯಿಂದ ಏನೋ ಜಾರಿ ರೆಪ್ಪೆಗೆ ಬಿತ್ತು. ಮುಟ್ಟಿ ನೋಡಿಕೊಂಡಳು. ಬೆವರು. ಕೊರಳ ಮೇಲೆ, ಮೇಲ್ದುಟಿಯ ಮೇಲೆ, ಬೆನ್ನ ಮೇಲೆ ಹನಿಹನಿಯಾಗಿ ಬೆವರು. ಪುಷ್ಯದಿಂದ ಈಚೆಗೆ ಎಷ್ಟು ಹೊದ್ದರೂ ಬೆಚ್ಚಗಾಗದ ಮೈ ಇವತ್ತು ಸೆಕೆ ಸೆಕೆ ಎನ್ನುತ್ತಿತ್ತು.

"ಏನಾತು?" ಅವನು ಗಾಬರಿಯಾದ.

"ಏನಿಲ್ಲ." ಒದ್ದೆ ಬೆರಳನ್ನು ಅವನ ಮುಖದ ಮುಂದೆ ಹಿಡಿದಳು. "ನೋಡ್ರಿ. ಭಾಳ ಬಿಸಲ ಐತಿ."

ಅವನು ಎತ್ತುಗಳನ್ನು ಬಿಟ್ಟು, ಬೇವಿನ ಗಿಡದ ಕಡೆ ಕೈ ಮಾಡಿದ.

"ನೆರಳಿಗೆ ಬಾ ಮತ್ತ."

ಅವಳು ಹೋದಳು.