ರೈಟ್, ಹೋಗೂಣು

“ನಮ್ಮ ಕಡೆಯವರೇನ್ರಿ?”

ಹಿಂದಿನಿಂದ ಬಂದ ದನಿಗೆ ಧನುಶ್ರೀ ಬೆಚ್ಚಿಬಿದ್ದಳು. ಫೋನು ಕೈಜಾರಿ ಸೈಕಲ್ಲಿನ ಬುಟ್ಟಿಗೆ ಬಿತ್ತು.

ನೆದರ್‌ಲ್ಯಾಂಡ್ಸಿನ ವೆಲ್ಡ್‌ಹೋವನ್‌ನ ಸಮುದಾಯ ಭವನದೊಳಗೆ ಕನ್ನಡ ಕೂಟದ ಗಣೇಶನ ಹಬ್ಬದ ಊಟ ನಡೆದಿತ್ತು. ಅವಳೋ ಹಿತ್ತಲಿನ ಸೈಕಲ್ ನಿಲ್ದಾಣದಲ್ಲಿ ಅಡಗಿ ನಿಂತು, “ಅಪ್ಪಾ, ಆಮ್ಯಾಗ ಫೋನ್ ಮಾಡ್ತೀನಿ ಇಡು, ಇಲ್ಲೆ ಮಂದಿ ಅದಾರ” ಎಂದು ಪಿಸುಗುಟ್ಟುತ್ತಿದ್ದಳು. ಆ ಮಂದಿಯಲ್ಲೊಬ್ಬ ಈಗ ಎದುರಿಗೇ ನಿಂತು, ಊರಿನ ನೆಂಟರು ಸಿಕ್ಕಷ್ಟು ಖುಷಿಯಿಂದ ನಗುತ್ತಿದ್ದ.

“ಇಲ್ಲ. ನಾವು ಬೆಂಗಳೂರಿನವರು. ವಿಜಯನಗರ,” ಎಂದಳು ತಣ್ಣಗೆ.

ಅವನ ನಗು ಅಲ್ಲಿಗೇ ನಿಂತಿತು. “ಹೌದಾ... ತಪ್ಪು ತಿಳ್ಕೋಬ್ಯಾಡ್ರಿ,” ಎಂದು ದಾರಿ ಬಿಟ್ಟ.

ಅವಳು ಹೇಳಿದ್ದು ಸುಳ್ಳು ಎಂಬುದು ಇಬ್ಬರಿಗೂ ಗೊತ್ತಿತ್ತು. ಇಂಥ ಪರಿಚಯದಿಂದ ಪ್ರೀತಿ ಹುಟ್ಟಿತು ಅಂದರೆ ಯಾರಾದರೂ ನಂಬುತ್ತಾರಾ, ನೀವೇ ಹೇಳಿ!

ಧನುಶ್ರೀ ಉತ್ತರ ಕರ್ನಾಟಕದ ಅಪ್ಪಟ ರೋಣದ ಹುಡುಗಿ. ಬೆಂಗಳೂರಿನ ಕಾಲೇಜಿನಲ್ಲಿ ಮೊದಲ ಸೆಮಿನಾರಿಗೆ ನಿಂತು ಬಾಯಿ ತೆರೆದಾಗ ಇಡೀ ಕ್ಲಾಸು ಗೊಳ್ಳೆಂದು ನಕ್ಕಿತ್ತು. ಅವತ್ತೇ ಊರಿನ ಮಾತನ್ನು ನುಂಗಿಕೊಂಡವಳು, ಕೆಲಸ ಸಿಕ್ಕಿ ನೆದರ್‌ಲ್ಯಾಂಡ್ಸಿಗೆ ಬಂದ ಮೇಲೂ ಅದನ್ನು ಹೊರಗೆ ಬಿಟ್ಟಿರಲಿಲ್ಲ.

ಕೂಟದ ವಿಷಯವನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಅಲ್ಲಿ ಚುನಾವಣೆ ಎಂಬುದು ಬರೀ ಹೆಸರಿಗೆ. “ಈ ಸಲ ಯಾರು ಮಾಡ್ತೀರಿ?” ಎಂದಾಗ ಎಲ್ಲರೂ ತಂತಮ್ಮ ಕಾಲ್ಬೆರಳು ನೋಡಿಕೊಳ್ಳುತ್ತಾರೆ, ಮರೆತು ತಲೆ ಎತ್ತಿದವರೇ ಕಾರ್ಯದರ್ಶಿ. ಹಾಗೆ ಸಿಕ್ಕಿಬಿದ್ದವಳು ಧನುಶ್ರೀ. ಸದಸ್ಯರಲ್ಲಿ ಹೆಚ್ಚಿನವರು ಬೆಂಗಳೂರು, ಮೈಸೂರಿನ ಇಂಜಿನಿಯರ್ ಸಂಸಾರಗಳು. ಡಚ್ಚಿನಲ್ಲೇ ಜಗಳವಾಡುವ ಮಕ್ಕಳ ಕಿವಿಗೆ ನಾಲ್ಕು ಕನ್ನಡ ಮಾತು ಬೀಳಲಿ ಅಂತ ಸೇರಿದವರು. ವಿದ್ಯಾರ್ಥಿಗಳು ಬಿಸಿಬೇಳೆಬಾತಿನ ಆಸೆಗೆ ಬಂದು, ಕುರ್ಚಿ ಜೋಡಿಸುವ ಕೆಲಸಕ್ಕೆ ಸಿಕ್ಕಿಹಾಕಿಕೊಳ್ಳುತ್ತಾರೆ. ಟಿಲ್‌ಬರ್ಗ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹಾವೇರಿಯ ಹಾಲಪ್ಪ, ಅದೇ ಸೈಕಲ್ ನಿಲ್ದಾಣದವನು, ಸೇರಿದ್ದೂ ಹೀಗೆಯೇ.

ಕೂಟಕ್ಕೆ ಇನ್ನೊಂದು ಪದ್ಧತಿಯಿತ್ತು. ರಾಜ್ಯೋತ್ಸವದ ನಾಟಕದಲ್ಲಿ ಒಬ್ಬ ಮನೆಯಾಳು ಇರಲೇಬೇಕು, ಅವನು ಉತ್ತರ ಕರ್ನಾಟಕದ ಮಾತಾಡಲೇಬೇಕು, ಜನ ಬಿದ್ದುಬಿದ್ದು ನಗಬೇಕು. ಯಾಕೆ ಅಂತ ಯಾರೂ ಕೇಳಿರಲಿಲ್ಲ.

“ಆ ಪಾರ್ಟು ಹಾಲಪ್ಪಂಗೇ ಕೊಡಿ. ಅವರು ಆಕ್ಟ್ ಮಾಡೋದೇ ಬೇಡ, ಸುಮ್ನೆ ಮಾತಾಡಿದ್ರೆ ಸಾಕು,” ಎಂದರು ಕೂಟದ ಅಧ್ಯಕ್ಷೆ ಭಾನುಮತಿ ಆಂಟಿ. ಜಯನಗರದವರು, ಬಾಯಿ ಜೋರು, ಮನಸ್ಸು ಬೆಣ್ಣೆ.

ಎಲ್ಲರೂ ನಕ್ಕರು. ಧನುಶ್ರೀಯೂ ನಕ್ಕಳು... ನಗದಿದ್ದರೆ ಸಿಕ್ಕಿಬೀಳುತ್ತೇನೆ ಎಂಬ ಭಯ! ಹಾಲಪ್ಪ ಅವಳನ್ನೊಮ್ಮೆ ನೋಡಿ, ಆಗಲಿ ಅಂದ.

ನಾಟಕ ಬರೆದವಳೂ ಅವಳೇ. ಆಳಿನ ಮಾತು ಮಾತ್ರ ಸರಾಗವಾಗಿ ಹರಿಯಿತು. ಇಷ್ಟು ಚೆನ್ನಾಗಿ ಹೇಗೆ ಬರುತ್ತೆ ಅಂತ ಆಂಟಿ ಕೇಳಿದಾಗ, ಯೂಟ್ಯೂಬ್ ನೋಡಿ ಕಲಿತೆ ಎಂದುಬಿಟ್ಟಳು. ಹಾಲಪ್ಪ ಆಗಲೂ ಬಾಯಿ ಬಿಡಲಿಲ್ಲ.

ತಾಲೀಮು ಮುಗಿದ ಮೇಲೆ ಅವಳು ಸೈಕಲ್ ತಳ್ಳಿಕೊಂಡು ಅವನ ಜೊತೆ ಬಸ್‌ಸ್ಟಾಪಿನವರೆಗೆ ನಡೆಯುವುದು ರೂಢಿಯಾಯಿತು. ಅವಳಿಗೆ ಮುಜುಗರವಾಗದಿರಲಿ ಅಂತ ಅವನು ಕಷ್ಟಪಟ್ಟು ಬೆಂಗಳೂರಿನ ಕನ್ನಡ ಆಡುತ್ತಿದ್ದ. ಅದನ್ನು ಕೇಳಿದಾಗೆಲ್ಲ ಅವಳಿಗೆ ಅನ್ನಿಸುತ್ತಿತ್ತು: ಒಮ್ಮೆಯಾದರೂ ಅವನ ಮಾತಿಗೆ ತನ್ನ ಮಾತಿನಲ್ಲೇ ಉತ್ತರ ಕೊಡಬೇಕು... ನಾಳೆ ಕೊಟ್ಟರಾಯಿತು, ಇನ್ನೊಂದು ದಿನ ಕೊಟ್ಟರಾಯಿತು.

ಅಷ್ಟರಲ್ಲಿ ಅಪ್ಪ ಬಂದ.

ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು, ತಾಯಿಯಿಲ್ಲದ ಮಗಳನ್ನು ಒಬ್ಬನೇ ಸಾಕಿದವನು, ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿ ಬಂದಿದ್ದ. ಮಗಳು ಕೊಟ್ಟ ಮೊದಲ ಸೂಚನೆ ಏನು ಗೊತ್ತೇ? “ಅಪ್ಪಾ, ಕೂಟದಾಗ ಭಾಳ ಮಾತಾಡಬ್ಯಾಡ.” ಅಪ್ಪ ಏನೂ ಕೇಳದೆ ತಲೆಯಾಡಿಸಿದ.

ನಾಟಕದ ದಿನ ಭವನ ತುಂಬಿತ್ತು. ಮಕ್ಕಳನ್ನು ನೋಡಲು ಬಂದ ಅಪ್ಪ ಅಮ್ಮಂದಿರಿಗೆ ಮೊದಲ ಸಾಲು ಕೂಟದ ವಾಡಿಕೆ. ಅಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅಪ್ಪ ಕೂತಿದ್ದ.

ಹಾಲಪ್ಪ ತಲೆಗೆ ಟವೆಲ್ ಸುತ್ತಿಕೊಂಡು ರಂಗಕ್ಕೆ ಬಂದ. ಯಜಮಾನರನ್ನು ಬೀಳ್ಕೊಡುತ್ತ ಕೂಗಿದ: “ಬುತ್ತಿ ತಗೊಂಡ್ರಿ? ನೀರು ತಗೊಂಡ್ರಿ? ಹಂಗಾರ ರೈಟ್, ಹೋಗೂಣು!”

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಪರದೆಯ ಪಕ್ಕದಿಂದ ನೋಡುತ್ತಿದ್ದ ಧನುಶ್ರೀಗೆ ಆಗ ಹೊಳೆಯಿತು. ಅಯ್ಯೋ, ಅದು ಅಪ್ಪನ ಮಾತು! ಶಾಲೆಗೆ, ಹಾಸ್ಟೆಲ್ಲಿಗೆ, ವಿಮಾನಕ್ಕೆ... ಮಗಳು ಹೊಸ್ತಿಲು ದಾಟುವಾಗೆಲ್ಲ ಅಪ್ಪ ಹೇಳುತ್ತ ಬಂದದ್ದು. ನಗು ಬರಲಿ ಅಂತ ಅವಳೇ ಅದನ್ನು ಆಳಿನ ಬಾಯಿಗೆ ಇಟ್ಟಿದ್ದಳು. ಅಪ್ಪನಿಗೆ ವೀಸಾ ಸಿಗುವುದಕ್ಕೆ ಎಷ್ಟೋ ಮೊದಲೇ ಬರೆದದ್ದು, ತಾಲೀಮಿನಲ್ಲಿ ಕೇಳಿಕೇಳಿ ಬರೀ ಒಂದು ಸಾಲಾಗಿಬಿಟ್ಟಿತ್ತು; ಅಪ್ಪ ಎದುರಿಗೆ ಕೂತು ಕೇಳುತ್ತಾನೆಂಬ ಯೋಚನೆಯೇ ಬಂದಿರಲಿಲ್ಲ.

ಎರಡನೆಯ ಸಲ ಆ ಮಾತು ಬಂದಾಗ ಹಾಲಪ್ಪನ ಕಣ್ಣು ಮೊದಲ ಸಾಲಿಗೆ ಹೋಯಿತು. ಮುದುಕನೊಬ್ಬನ ತುಟಿಗಳು ತನ್ನ ಜೊತೆಗೇ ಅದೇ ಮಾತನ್ನು ಆಡುತ್ತಿವೆ... ಸುತ್ತ ನಗು ಎದ್ದಂತೆ ಆ ತುಟಿಗಳು ನಿಂತುಹೋದವು. ಮೂರನೆಯ ಸಲ ಹಾಲಪ್ಪ ಆ ಮಾತನ್ನು ಆಡದೆಯೇ ರಂಗ ಬಿಟ್ಟು ನಡೆದ. ಮರೆತನೆಂದು ಜನ ಅಂದುಕೊಂಡರು.

“ಅವರು ನಿಮ್ಮ ಅಪ್ಪಾರಲ್ಲಾ?” ಎಂದ ಪರದೆಯ ಹಿಂದೆ. ಅವಳು ತಲೆ ತಗ್ಗಿಸಿದಳು.

“ನನ್ನ ನೋಡಿ ನಕ್ರ ನನಗೇನೂ ಅನಸಿಲ್ಲ. ನಿಮಗ ನನ್ನ ಕಂಡ್ರ ನಾಚಿಕಿ, ಅದೂ ಗೊತ್ತಿತ್ತು. ಆದ್ರ ಆ ಹಿರ್ಯಾರ ಮಾತು ನನ್ನ ಬಾಯಾಗ ಇಟ್ಟು, ಅವರ ಮುಂದನ ನಗಸಿದ್ರಲ್ರೀ...”

ಟವೆಲ್ ಬಿಚ್ಚಿಟ್ಟು ಹೊರಟುಹೋದ. ಮರುದಿನ ಕೂಟದ ವಾಟ್ಸಾಪ್ ಗುಂಪಿನಿಂದಲೂ ಹೊರಬಿದ್ದ.

ನಾಟಕದ ಸಂಜೆ ಜನ ಕಾರು ಹತ್ತುವಾಗ ಒಬ್ಬರಿಗೊಬ್ಬರು “ರೈಟ್, ಹೋಗೂಣು!” ಎಂದು ಕೂಗಿ ನಗುತ್ತಿದ್ದರು. ಅಪ್ಪನಿಗೂ ಯಾರೋ ಕೂಗಿದರು. ಅಪ್ಪ ನಕ್ಕು ಕೈ ಮುಗಿದ. ಧನುಶ್ರೀಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ನಾಟಕ ಛಲೋ ಆತು. ಮಂದಿ ಭಾಳ ನಕ್ರು,” ಅಂದ ಅಪ್ಪ. ಅಷ್ಟೇ.

ಮರುದಿನ ಬೆಳಿಗ್ಗೆ ಅವಳು ಆಫೀಸಿಗೆ ಹೊರಟಳು. ಅಪ್ಪ ಎಂದಿನಂತೆ ಬಾಗಿಲಿಗೆ ಬಂದ. ಡಬ್ಬಿ ಕೈಗಿಟ್ಟ. ಬಾಯಿ ತೆರೆದು... ಮುಚ್ಚಿಕೊಂಡ.

“ಅಪ್ಪಾ, ಏನರ ಅನ್ನು,” ಎಂದಳು.

“ನನ್ನ ಮಾತಿಂದ ನಿನಗ ಇಲ್ಲೆ ಅವಮಾನ ಆಗಬಾರದವ್ವಾ.”

ಸೈಕಲ್ ಹತ್ತಿದವಳಿಗೆ ದಾರಿಯೇ ಕಾಣಲಿಲ್ಲ. ಎದುರುಗಾಳಿಗೆ ಕಣ್ಣಲ್ಲಿ ನೀರು ಬರುವ ಊರಿದು, ಅಳುವವರಿಗೆ ಅದೊಂದು ಅನುಕೂಲ. ಅಪ್ಪನನ್ನು ಮೂಗನನ್ನಾಗಿ ಮಾಡಿದೆನಲ್ಲಾ... ಯಾರ ನಗುವಿಗೆ ಹೆದರಿ? ತಾನೂ ಸೇರಿ ನಕ್ಕಮೇಲೆ ಆ ಕ್ಲಾಸಿನವರಿಗೂ ತನಗೂ ಏನು ವ್ಯತ್ಯಾಸ?

ಸಂಕ್ರಾಂತಿ ಹತ್ತಿರ ಬಂದಾಗ ಅವಳು ಹಾಲಪ್ಪನಿಗೆ ದನಿ ಮೆಸೇಜು ಕಳಿಸಿದಳು. “ಹಾಲಪ್ಪ, ಸಂಕ್ರಾಂತಿಗೆ ಬರ್ರಿ. ನಾಟಕ ಇಲ್ಲ. ನಾ ಮಾತಾಡಾಕಿ ಅದೀನಿ.” ಕೇಳಿದ ಗುರುತು ಬಂತು, ಉತ್ತರ ಬರಲಿಲ್ಲ.

ಕೂಟದಲ್ಲಿ ಹೊಸಬರು ಮೈಕಿನ ಮುಂದೆ ನಿಂತು ಪರಿಚಯ ಹೇಳಿಕೊಳ್ಳಬೇಕು. ಸಂಕ್ರಾಂತಿಯ ದಿನ ಹೊಸಬರದು ಮುಗಿದ ಮೇಲೆ ಧನುಶ್ರೀ ತಾನೇ ಮೈಕು ಹಿಡಿದಳು.

“ನನ್ನ ಪರಿಚಯಾನೂ ಇವತ್ತ ಹೇಳ್ತೀನಿ. ನಾ ಧನುಶ್ರೀ, ರೋಣದಾಕಿ. ವಿಜಯನಗರ ಅಂತ ಸುಳ್ಳು ಹೇಳಿದ್ದೆ. ಮುಂದ ಕುಂತಾರಲ್ಲಾ, ಅವರು ನಮ್ಮಪ್ಪ, ಬಸ್ ಕಂಡಕ್ಟರ್. ನಾಟಕದಾಗ ನೀವು ನಕ್ಕ ಮಾತು ಅವರದು. ಆ ಮಾತು ಹೇಳೇ ನನ್ನ ಇಲ್ಲೀತನಾ ಕಳಿಸ್ಯಾರ. ಅದನ್ನ ನಗಿಪಾಟ್ಲಿಗೆ ಹಚ್ಚಿದಾಕಿ ನಾನ. ಅಪ್ಪಾ... ತಪ್ಪಾತು.”

ಯಾರೂ ನಗಲಿಲ್ಲ. ಅಪ್ಪ ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡ. ಭಾನುಮತಿ ಆಂಟಿ ಎದ್ದು ಬಂದು ಅವಳ ತೋಳು ಹಿಡಿದು, “ಆ ಪಾರ್ಟು ನಾನೇ ಅಲ್ವೇನೇ ಹಂಚಿದ್ದು... ಮುಂದಿನ ವರ್ಷ ನಾಟಕದಲ್ಲಿ ಯಜಮಾನಂಗೇ ಆ ಮಾತು ಕೊಡೋಣ,” ಎಂದರು. ಅವರ ದನಿ ಮೊದಲ ಸಲ ಸಣ್ಣದಾಗಿತ್ತು.

ತಲೆ ಎತ್ತಿದರೆ, ಹಿಂದಿನ ಗೋಡೆಯ ಬಳಿ ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತ ಹಾಲಪ್ಪ ನಿಂತಿದ್ದ!

ಬಸ್‌ಸ್ಟಾಪಿಗೆ ಮೂವರೂ ನಡೆದರು. ಅಪ್ಪ ಬೇಕೆಂದೇ ಹಿಂದೆ ಉಳಿದ.

“ನನಗ ಇನ್ನೂ ಸ್ವಲ್ಪ ಸಿಟ್ಟೈತಿ,” ಎಂದ ಹಾಲಪ್ಪ.

“ಇರಲಿ. ನನ್ನ ಮ್ಯಾಲ ನನಗೂ ಐತಿ.” ಅವಳು ನಿಂತಳು. “ನಿಮ್ಮನ್ನ ಕಂಡು ನಾಚಿಕಿ ಪಟ್ಟಿಲ್ಲ, ಹಾಲಪ್ಪ. ನಿಮ್ಮ ಮಾತು ಕೇಳಿದ್ರ ಮನಿಗೆ ಹೋದಂಗ ಆಗತಿತ್ತು. ಅದಕ್ಕ ಅಂಜಿದ್ದೆ. ನನಗ ನೀವಂದ್ರ ಭಾಳ ಪ್ರೀತಿ.”

ಅವನು ಅವಳ ಕೈ ಹಿಡಿದ. ಆಮೇಲೆ ಮೆಲ್ಲಗೆ, “ಸೈಕಲ್ ಹತ್ರ ನಿಮ್ಮ ದನಿ ಕೇಳಿದ ದಿನಾನ ನನಗೂ ಪ್ರೀತಿ ಆಗಿತ್ತು. ನಮ್ಮ ಕಡಿಯವರು ಅಂತ ನೀವು ಒಪ್ಪಿಕೊಳ್ಳೂ ಹಾದಿ ಕಾಯ್ಕೋತ ಇದ್ದೆ,” ಎಂದ.

ಬಸ್ಸು ಬಂತು. ರೈಲ್ವೆ ಸ್ಟೇಷನ್‌ವರೆಗೆ ಅವನನ್ನು ಬಿಟ್ಟು ಬರುತ್ತೇನೆಂದು ಅವಳು ಅಪ್ಪನಿಗೆ ಹೇಳಿದಳು. ಅಪ್ಪನನ್ನು ಮನೆಗೆ ಕರೆದೊಯ್ಯಲು ಭಾನುಮತಿ ಆಂಟಿಯ ಕಾರು ಹಿಂದೆಯೇ ಬರುತ್ತಿತ್ತು. ಇಬ್ಬರೂ ಬಸ್ಸಿನ ಮೆಟ್ಟಿಲು ಹತ್ತಿದರು. ಅಪ್ಪ ಅವರ ಹೆಣೆದ ಕೈಗಳನ್ನು ನೋಡಿದ. ಮಗಳ ಮುಖ ನೋಡಿದ. ಗಂಟಲು ಸರಿಮಾಡಿಕೊಂಡ.

“ಬುತ್ತಿ ತಗೊಂಡ್ರಿ?”

ಧನುಶ್ರೀಗೆ ಅಳು ಉಕ್ಕಿ ಬಂತು. ಪೊಂಗಲಿನ ಡಬ್ಬಿ ಎತ್ತಿ ತೋರಿಸಿದಳು. “ತಗೊಂಡ್ವಿ ಅಪ್ಪಾ...”

“ನೀರು?”

“ತಗೊಂಡೀವ್ರಿ,” ಎಂದ ಹಾಲಪ್ಪ.

ಡಚ್ ಡ್ರೈವರ್ ಕನ್ನಡಿಯಲ್ಲಿ ಹುಬ್ಬೇರಿಸಿ ನೋಡುತ್ತಿರುವಂತೆಯೇ, ಅಪ್ಪ ಬಸ್ಸಿನ ಮೈಯನ್ನು ಫಟಫಟನೆ ಬಡಿದು ಇಡೀ ಬೀದಿಗೆ ಕೇಳುವಂತೆ ಕೂಗಿದ.

“ಹಂಗಾರ ರೈಟ್, ಹೋಗೂಣು!”